ಹತ್ತು ವರ್ಷ ಓಡಿದ ಕಾರನ್ನು ಎಷ್ಟು ನಂಬಬಹುದು?

ಹಳೆ ಕಾರು ಮಾರುವವರು ಬಾನೆಟ್ ಎತ್ತುವ ಮೊದಲೇ ಹೇಳುವ ಮಾತುಗಳು ಕೆಲವಿವೆ. ‘ಸಿಂಗಲ್ ಓನರ್ ಸಾರ್’, ‘ಫುಲ್ ಕಂಪನಿ ಸರ್ವಿಸ್’, ‘ಡಾಕ್ಟರ್ ಓಡಿಸಿದ ಗಾಡಿ, ಮನೆಯಿಂದ ಕ್ಲಿನಿಕ್‌ಗೆ ಅಷ್ಟೆ’. ಬೆಂಗಳೂರಿನಲ್ಲಿ ಕೇಳಿದ್ದನ್ನೇ ಹುಬ್ಬಳ್ಳಿಯಲ್ಲೂ ಮಂಗಳೂರಿನಲ್ಲೂ ಕೇಳಬಹುದು. ಅವನ್ನು ನಂಬುವುದೋ ಬಿಡುವುದೋ ಆಮೇಲಿನ ವಿಚಾರ. ಮೊದಲು ಗಮನಿಸಬೇಕಾದದ್ದು ಬೇರೆ ಇದೆ: ಈ ಮೂರೂ ಮಾತು ಕಾರಿಗಿಂತ ಹೆಚ್ಚಾಗಿ ಕಾರನ್ನು ಇಟ್ಟುಕೊಂಡಿದ್ದವರ ಬಗ್ಗೆ ಹೇಳುತ್ತವೆ. ಕೊಳ್ಳುವವರು ಮಾತ್ರ ‘ಯಾವ ಕಂಪನಿ ಗಾಡಿ ಒಳ್ಳೆಯದು?’ ಎಂದು ಕೇಳಿಕೊಂಡು ಬರುತ್ತಾರೆ. ಎಂಟು ಹತ್ತು ವರ್ಷ ದಾಟಿದ ಕಾರಿನ ವಿಷಯದಲ್ಲಿ ಕಂಪನಿಯ ಹೆಸರಿಗಿಂತ ಅದು ಯಾರ ಕೈಯಲ್ಲಿ, ಯಾವ ಊರಲ್ಲಿ, ಹೇಗೆ ಬಾಳಿತು ಎಂಬುದೇ ಹೆಚ್ಚು ತೂಗುತ್ತದೆ. ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಕೊಳ್ಳುವವರಿಗೂ ಗೊತ್ತಿರಬೇಕು.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆ ಕಾರುಗಳ ಸಂತೆಯನ್ನೇ ಉದಾಹರಣೆಯಾಗಿಟ್ಟು ಒಂದು ಪ್ರಬಂಧ ಬರೆದರು. ಮಾರುವವನಿಗೆ ಕಾರಿನ ಹುಳುಕು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲ ಕಾರಿಗೂ ಅನುಮಾನದ ಬೆಲೆಯನ್ನೇ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರು ಇರುವವನು ಮಾರಲು ಮನಸ್ಸು ಮಾಡುವುದಿಲ್ಲ. ಸಂತೆಯಲ್ಲಿ ಹುಳುಕಿನವೇ ಹೆಚ್ಚಾಗುತ್ತವೆ, ಬೆಲೆ ಇನ್ನೂ ಇಳಿಯುತ್ತದೆ. ಮೂರು ಪತ್ರಿಕೆಗಳು ಹಿಂದಿರುಗಿಸಿದ್ದ ಈ ಪ್ರಬಂಧವೇ 2001ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯ ಪಾಲು ತಂದುಕೊಟ್ಟಿತು. ನಮ್ಮ ಜನ ಈ ಸಿದ್ಧಾಂತವನ್ನು ಓದದೆಯೇ ಪಾಲಿಸುತ್ತಾ ಬಂದಿದ್ದಾರೆ. ಒಳ್ಳೆಯ ಕಾರು ಸಂತೆಗೆ ಬರುವ ಮೊದಲೇ ಭಾವನಿಗೋ ಸಹೋದ್ಯೋಗಿಗೋ ಪಕ್ಕದ ಮನೆಯವರಿಗೋ ಹೋಗಿರುತ್ತದೆ. ಗುರುತಿನವರ ಕಾರು ಸಿಕ್ಕರೆ ಈ ಲೇಖನದ ಅರ್ಧ ಭಾಗ ನಿಮಗೆ ಬೇಡ. ಸಿಗದವರಿಗೆ ಉಳಿದಿರುವುದು, ಮಾರುವವನಿಗೆ ಗೊತ್ತಿರುವುದರಲ್ಲಿ ಎಷ್ಟನ್ನು ತಾವೂ ತಿಳಿದುಕೊಳ್ಳಬಹುದು ಎಂಬ ಪ್ರಶ್ನೆ.

ಮಾಡೆಲ್‌ನ ಹೆಸರಿನಿಂದಲೇ ಶುರು ಮಾಡೋಣ, ಎಲ್ಲರೂ ಅಲ್ಲಿಂದಲೇ ಶುರು ಮಾಡುವುದರಿಂದ. ಬೇರೆ ದೇಶಗಳಲ್ಲಿ ಈ ಹೆಸರಿನ ಹಿಂದೆ ಲೆಕ್ಕ ಇರುತ್ತದೆ. ಜರ್ಮನಿಯಲ್ಲಿ ಪ್ರತಿ ಕಾರೂ ಮೂರನೇ ವರ್ಷಕ್ಕೊಮ್ಮೆ, ಆಮೇಲೆ ಎರಡು ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆಗೆ ಹೋಗಬೇಕು. ಅಲ್ಲಿನ ಟಿಯುವಿ ಸಂಸ್ಥೆ ಯಾವ ಮಾಡೆಲ್ ಎಷ್ಟನೇ ವಯಸ್ಸಿನಲ್ಲಿ ಎಷ್ಟು ದೋಷ ತೋರಿಸಿತು ಎಂದು ವರ್ಷವರ್ಷವೂ ಪ್ರಕಟಿಸುತ್ತದೆ. ವಾಹನ ಸವಾರರ ಸಂಘವಾದ ಎಡಿಎಸಿ ರಸ್ತೆಯಲ್ಲಿ ಕೆಟ್ಟು ನಿಂತ ಕಾರುಗಳ ನೆರವಿಗೆ ಹೋದ ಲೆಕ್ಕವನ್ನೇ ಅಂಕಿಅಂಶವಾಗಿ ಕೊಡುತ್ತದೆ. ಅಮೆರಿಕದಲ್ಲಿ ‘ಕನ್ಸ್ಯೂಮರ್ ರಿಪೋರ್ಟ್ಸ್’ ತನ್ನ ಸದಸ್ಯರನ್ನೇ ಕೇಳಿ ಪಟ್ಟಿ ಮಾಡುತ್ತದೆ. ನಮ್ಮಲ್ಲಿ ಹೊಗೆ ಪರೀಕ್ಷೆಯೊಂದನ್ನು ಬಿಟ್ಟರೆ, ಖಾಸಗಿ ಕಾರಿಗೆ 15 ವರ್ಷ ತುಂಬಿ ನೋಂದಣಿ ನವೀಕರಣಕ್ಕೆ ಬರುವವರೆಗೂ ಯಾವ ಕಡ್ಡಾಯ ತಪಾಸಣೆಯೂ ಇಲ್ಲ. ತಪಾಸಣೆಯೇ ಇಲ್ಲದ ಮೇಲೆ ಲೆಕ್ಕ ಎಲ್ಲಿಂದ ಬರಬೇಕು?

ಹಾಗೆಂದು ನಮ್ಮಲ್ಲಿ ಹೆಸರು ಸುಮ್ಮನೆ ಬಂದದ್ದಲ್ಲ. ಅದು ಟ್ಯಾಕ್ಸಿ ಸ್ಟ್ಯಾಂಡಿನಲ್ಲೂ ಗ್ಯಾರೇಜಿನಲ್ಲೂ ಹುಟ್ಟಿದೆ. ಬಿಡದಿಯ ಕಾರ್ಖಾನೆಯಿಂದ 2005ರಲ್ಲಿ ಹೊರಬಂದ ಇನ್ನೋವಾಕ್ಕೆ ಆ ಹೆಸರು ಕೊಟ್ಟವರು ಟೂರಿಸ್ಟ್ ಗಾಡಿಯ ಡ್ರೈವರುಗಳು. ಹಗಲು ರಾತ್ರಿ ಧರ್ಮಸ್ಥಳ, ತಿರುಪತಿ, ಶಬರಿಮಲೆ ಎಂದು ಓಡಿಸಿ ಮೂರು ನಾಲ್ಕು ಲಕ್ಷ ಕಿಲೋಮೀಟರ್ ದಾಟಿಸಿದವರ ಮಾತಿಗೆ ಬೆಲೆ ಇದೆ. ಮಾರುತಿಯ ಸಣ್ಣ ಪೆಟ್ರೋಲ್ ಎಂಜಿನ್ನುಗಳಿಗೆ ಹೆಸರು ಬಂದದ್ದೂ ಹೀಗೆಯೇ. ಆದರೆ ಇಲ್ಲಿ ಎರಡು ಗುಣಗಳು ಬೆರೆತುಹೋಗಿವೆ, ಅವನ್ನು ಬಿಡಿಸಿ ನೋಡಬೇಕು. ಕಾರು ಕೆಡದೆ ಇರುವುದು ಒಂದು. ಕೆಟ್ಟರೆ ತಾಲ್ಲೂಕು ಕೇಂದ್ರದಲ್ಲೂ ಸಂಜೆಯೊಳಗೆ ರಿಪೇರಿಯಾಗುವುದು ಇನ್ನೊಂದು. ನಾವು ಮಾರುತಿಯನ್ನು ‘ನಂಬಿಕೆಯ ಗಾಡಿ’ ಎನ್ನುವಾಗ ಬಹಳಷ್ಟು ಸಲ ಎರಡನೆಯದನ್ನೇ ಹೇಳುತ್ತಿರುತ್ತೇವೆ. ಹಳೆಯ ಕಾರಿಗೆ ಅದೇ ಹೆಚ್ಚು ಬೇಕಾದ ಗುಣ ಎಂದು ನನ್ನ ಅಭಿಪ್ರಾಯ. ಹತ್ತು ವರ್ಷದ ಕಾರು ಯಾವ ಕಂಪನಿಯದಾದರೂ ಏನಾದರೊಂದು ಕೇಳಿಯೇ ಕೇಳುತ್ತದೆ. ಕೇಳಿದ್ದು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಆ ದಿನವೇ ಸಿಗುತ್ತದೋ ಅಥವಾ ತಿಂಗಳುಗಟ್ಟಲೆ ಕಾಯಬೇಕೋ ಎಂಬುದರ ಮೇಲೆ ಮಾಲೀಕನ ನೆಮ್ಮದಿ ನಿಂತಿರುತ್ತದೆ.

ಈ ಕಾರಣಕ್ಕೇ ದೇಶ ಬಿಟ್ಟ ಕಂಪನಿಗಳ ಕಾರುಗಳ ವಿಷಯದಲ್ಲಿ ಯೋಚನೆ ಬೇಕು. ಷೆವರ್ಲೆ 2017ರ ಕೊನೆಗೆ ಇಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ ತಾನು ಇಲ್ಲಿ ಕಾರು ತಯಾರಿಸುವುದಿಲ್ಲವೆಂದು 2021ರಲ್ಲಿ ಹೇಳಿತು. ಫಿಯೆಟ್ ಅದಕ್ಕೂ ಮೊದಲೇ ಹೋಯಿತು. ಇವು ಕೆಟ್ಟ ಕಾರುಗಳಲ್ಲ. ಫೋರ್ಡ್ ಓಡಿಸಿದವರು ಅದರ ಸ್ಟಿಯರಿಂಗ್ ಹಿಡಿತವನ್ನು ಇಂದಿಗೂ ಹೊಗಳುತ್ತಾರೆ. ಫಿಯೆಟ್‌ನ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಂಜಿನ್ನಂತೂ ಸ್ವಿಫ್ಟ್, ಡಿಸೈರ್, ರಿಟ್ಜ್‌ನಿಂದ ಟಾಟಾ ಇಂಡಿಕಾ ವಿಸ್ಟಾದವರೆಗೆ ಎಷ್ಟೋ ಕಾರುಗಳ ಒಳಗೆ ಕೂತಿರುವುದರಿಂದ, ಅದರ ಬಿಡಿಭಾಗಕ್ಕೂ ಅದನ್ನು ಬಲ್ಲ ಮೆಕ್ಯಾನಿಕ್‌ಗೂ ಇನ್ನೂ ಬರವಿಲ್ಲ. ಆದರೆ ಎಂಜಿನ್ ಸಿಕ್ಕರೂ ಹೆಡ್‌ಲೈಟ್, ಬಾಗಿಲಿನ ಲಾಕ್, ಡ್ಯಾಶ್‌ಬೋರ್ಡಿನ ಕ್ಲಿಪ್ಪು ಸಿಗಬೇಕಲ್ಲ. ಬೆಲೆ ಕಡಿಮೆಯೆಂದು ಕೊಳ್ಳುವವರು ಅಗ್ಗದ ಕಾರಣವನ್ನು ತಿಳಿದೇ ಕೊಳ್ಳಲಿ.

ಮಾಡೆಲ್‌ನ ಹೆಸರಿನಿಂದ ಇನ್ನೊಂದು ಪ್ರಯೋಜನವಿದೆ: ಎಲ್ಲಿ ಹುಡುಕಬೇಕೆಂದು ಅದು ತೋರಿಸುತ್ತದೆ. ಎಂಜಿನ್ನಿನಲ್ಲಿ ಟೈಮಿಂಗ್ ಚೈನ್ ಇದೆಯೋ ಬೆಲ್ಟ್ ಇದೆಯೋ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ರೆನೋ ಡಸ್ಟರ್‌ನ 1.5 ಡೀಸೆಲ್ಲಿಗೂ ಹಳೆ ಇನ್ನೋವಾದ 2.5 ಡೀಸೆಲ್ಲಿಗೂ ಇರುವುದು ರಬ್ಬರ್ ಬೆಲ್ಟ್. ಇಷ್ಟು ಕಿಲೋಮೀಟರಿಗೆ ಅಥವಾ ಇಷ್ಟು ವರ್ಷಕ್ಕೆ ಬದಲಿಸಬೇಕೆಂದು ಕಂಪನಿ ಗೊತ್ತುಮಾಡಿರುತ್ತದೆ. ಬದಲಿಸದೆ ಓಡಿಸಿ ಅದು ಹರಿದರೆ ವಾಲ್ವುಗಳು ಪಿಸ್ಟನ್‌ಗೆ ಬಡಿದು ಎಂಜಿನ್ನೇ ಬಿಚ್ಚಬೇಕಾದೀತು. ಫೋಕ್ಸ್‌ವ್ಯಾಗನ್ ಗುಂಪಿನ ಏಳು ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ ಪೆಟ್ಟಿಗೆ ಜಗತ್ತಿನಾದ್ಯಂತ ದೂರುಗಳಿಗೂ ವಾಪಸಾತಿಗೂ ಗುರಿಯಾದದ್ದು. ಅಂಥ ಹಳೆ ಕಾರನ್ನು ಪೂರ್ತಿ ದಾಖಲೆಯಿಲ್ಲದೆ ಕೊಳ್ಳಿ ಎಂದು ನಾನು ಯಾರಿಗೂ ಹೇಳಲಾರೆ. 2014ರಲ್ಲಿ ಸೆಲೆರಿಯೊ ಜೊತೆ ಬಂದ ಎಎಂಟಿ ಗೇರು ಇದಕ್ಕಿಂತ ಸರಳ, ಆದರೆ ಕ್ಲಚ್ ಒತ್ತುವ ಯಂತ್ರಭಾಗ ಹಳತಾದಾಗ ಖರ್ಚಿದೆ. ಮೂರು ನಾಲ್ಕು ಸಿಲಿಂಡರಿನ, ಟರ್ಬೊ ಇಲ್ಲದ, ಮ್ಯಾನ್ಯುಯಲ್ ಗೇರಿನ ಪೆಟ್ರೋಲ್ ಕಾರು ಮೊದಲ ಸಲ ಹಳೆ ಕಾರು ಕೊಳ್ಳುವವರಿಗೆ ಅತಿ ಕಡಿಮೆ ತಲೆನೋವು ಕೊಡುವಂಥದು.

ಎರಡನೆಯ ಪ್ರಶ್ನೆ, ಎಷ್ಟು ಓಡಿದೆ? ಮೀಟರಿನ ಸಂಖ್ಯೆಗೆ ನಾವು ಕೊಡುವಷ್ಟು ಬೆಲೆಗೆ ಅದು ಯೋಗ್ಯವಲ್ಲ, ಎರಡು ಕಾರಣಕ್ಕೆ. ಒಂದು, ಅದನ್ನು ತಿರುಗಿಸಬಹುದು. ಮುಳ್ಳಿನ ಮೀಟರ್ ಇದ್ದಾಗ ಕೇಬಲ್ ಕಳಚುತ್ತಿದ್ದರು. ಡಿಜಿಟಲ್ ಬಂದ ಮೇಲೆ ಲ್ಯಾಪ್‌ಟಾಪಿಗೆ ಜೋಡಿಸುತ್ತಾರೆ. ಇನ್ನೊಂದು ಕಾರಣ, ನಿಜವಾದ ಸಂಖ್ಯೆಯೂ ಪೂರ್ತಿ ಕತೆ ಹೇಳುವುದಿಲ್ಲ. ಬೆಂಗಳೂರಿನ ದಟ್ಟಣೆಯಲ್ಲಿ 10 ಕಿಲೋಮೀಟರ್ ಹೋಗಲು ಅರ್ಧ ಗಂಟೆ ಬೇಕು. ಗಂಟೆಗೆ ಸರಾಸರಿ 20 ಕಿಲೋಮೀಟರ್ ಎಂದರೆ 50,000 ಕಿಲೋಮೀಟರ್ ಓಡಿದ ಕಾರಿನ ಎಂಜಿನ್ 2,500 ಗಂಟೆ ಕೆಲಸ ಮಾಡಿದೆ. ಹುಬ್ಬಳ್ಳಿ–ಬೆಳಗಾವಿ ಹೆದ್ದಾರಿಯಲ್ಲಿ ಸರಾಸರಿ 60ರ ವೇಗದಲ್ಲಿ ಓಡಾಡಿದ ಕಾರು ಅದೇ 2,500 ಗಂಟೆಯಲ್ಲಿ 1,50,000 ಕಿಲೋಮೀಟರ್ ದಾಟಿರುತ್ತದೆ. ಎಂಜಿನ್ನಿನ ದುಡಿಮೆ ಎರಡಕ್ಕೂ ಸಮ. ಕ್ಲಚ್, ಗೇರ್, ಬ್ರೇಕಿನ ಸವೆತ ನೋಡಿದರೆ ನಗರದ ಕಾರೇ ಹೆಚ್ಚು ನೊಂದಿದೆ, ಆದರೆ ಸಂತೆಯಲ್ಲಿ ಅದಕ್ಕೇ ಹೆಚ್ಚು ಬೆಲೆ. ತೀರಾ ಕಡಿಮೆ ಓಡಿದ ಕಾರೂ ಹರ್ಷಪಡುವಂಥದಲ್ಲ. ಮಗ ವಿದೇಶಕ್ಕೆ ಹೋದ ಮೇಲೆ ಶೆಡ್ಡಿನಲ್ಲೇ ನಿಂತ ಕಾರಿನ ಟಯರ್ ಗಟ್ಟಿಯಾಗಿ ಬಿರಿದಿರುತ್ತದೆ, ಕೂಲೆಂಟ್ ಪೈಪು ಒಣಗಿರುತ್ತದೆ, ಬುಷ್‌ಗಳು ಒಡೆದಿರುತ್ತವೆ, ವೈರಿಗೆ ಇಲಿ ಬಾಯಿ ಹಾಕಿರುತ್ತದೆ. ರಬ್ಬರಿಗೆ ವಯಸ್ಸಾಗುವುದು ವರ್ಷದ ಲೆಕ್ಕದಲ್ಲಿ.

ಮೀಟರಿನ ಮಾತು ನಿಜವೇ ಎಂದು ಕಾರಿನ ಬೇರೆ ಭಾಗಗಳನ್ನು ಕೇಳಬೇಕು. 45,000 ಎಂದು ತೋರಿಸುವ ಕಾರಿನ ಬ್ರೇಕ್ ಪೆಡಲಿನ ರಬ್ಬರ್ ನುಣ್ಣಗಾಗಿದ್ದರೆ, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿದ್ದರೆ, ಸ್ಟಿಯರಿಂಗ್ ಹೊಳೆಯುತ್ತಿದ್ದರೆ ಅನುಮಾನಕ್ಕೆ ಜಾಗವಿದೆ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. 2014ರ ಕಾರು 30,000 ಮಾತ್ರ ಓಡಿದೆ ಎನ್ನುವವರ ಗಾಡಿಯಲ್ಲಿ ನಾಲ್ಕೂ ಟಯರ್ ಎರಡನೇ ಸಲ ಬದಲಾಗಿದ್ದರೆ ಕಾರಣ ಕೇಳಲೇಬೇಕು. 2013ರ ಏಪ್ರಿಲ್‌ನಿಂದ ಬಂದ ಕಾರುಗಳಲ್ಲಿ ಒಬಿಡಿ–2 ವ್ಯವಸ್ಥೆ ಕಡ್ಡಾಯವಾಗಿದ್ದು, ಸ್ಟಿಯರಿಂಗ್ ಕೆಳಗಿನ ಕಿಂಡಿಗೆ ಸಣ್ಣ ಸ್ಕ್ಯಾನರ್ ಹಾಕಿದರೆ ಕಂಪ್ಯೂಟರಿನಲ್ಲಿ ಉಳಿದ ದೋಷಗಳನ್ನು ಫೋನಿನಲ್ಲೇ ಓದಬಹುದು. ಮಾರುವ ಮೊದಲು ದೋಷಗಳನ್ನು ಅಳಿಸಿದ್ದರೆ? ಅಳಿಸಿದ ಮೇಲೆ ಎಷ್ಟು ಕಿಲೋಮೀಟರ್ ಓಡಿದೆ ಎಂಬುದನ್ನೂ ಬಹಳಷ್ಟು ಕಾರುಗಳು ಹೇಳುತ್ತವೆ. ಅದು ಬರೀ 12 ಎಂದು ಬಂದರೆ ನಿನ್ನೆಯೋ ಇವತ್ತೋ ಯಾರೋ ಅಳಿಸಿದ್ದಾರೆ.

ಊರಿನ ಮಾತು ಕರ್ನಾಟಕದಲ್ಲಿ ಬಹಳ ಮುಖ್ಯ, ಯಾಕೋ ಇದನ್ನು ಜನ ಮರೆಯುತ್ತಾರೆ. ಕೆಎ 19, ಕೆಎ 20, ಕೆಎ 30 ಎಂದರೆ ಮಂಗಳೂರು, ಉಡುಪಿ, ಕಾರವಾರದ ಕಡಲ ಗಾಳಿ. ಅಲ್ಲಿನ ಕಾರನ್ನು ಲಿಫ್ಟ್ ಮೇಲೆ ಏರಿಸಿ ತಳ ನೋಡದೆ ಕೊಳ್ಳಬಾರದು; ಬಾಗಿಲಿನ ಕೆಳ ಅಂಚು, ರನ್ನಿಂಗ್ ಬೋರ್ಡ್, ಸಸ್ಪೆನ್ಶನ್ ಕೂರುವ ಜಾಗ ತುಕ್ಕಿಗೆ ಮೊದಲ ತುತ್ತು. ಮೇಲಿನ ತುಕ್ಕಿಗೆ ಪೇಂಟ್ ಇದೆ, ಸಸ್ಪೆನ್ಶನ್ ಬುಡದಲ್ಲಿ ತಗಡು ತಿಂದುಹೋಗಿದ್ದರೆ ಆ ಕಾರನ್ನು ಬಿಟ್ಟುಬಿಡಬೇಕು. ಮಡಿಕೇರಿ, ಚಿಕ್ಕಮಗಳೂರು, ಸಾಗರದ ಕಾರುಗಳಲ್ಲಿ ಘಾಟಿಯ ಇಳಿಜಾರಿಗೆ ಬ್ರೇಕ್, ತೋಟದ ದಾರಿಗೆ ಸಸ್ಪೆನ್ಶನ್ ಸವೆದಿರುತ್ತದೆ. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆ ತುಕ್ಕಿನ ಕಾಟ ಕಡಿಮೆ. ಅಲ್ಲಿ ಬಿಸಿಲು ಮತ್ತು ದೂಳು. ಏರ್ ಫಿಲ್ಟರ್ ಕಡೆಗಣಿಸಿದ ಡೀಸೆಲ್ ಕಾರಿನ ಟರ್ಬೊ ಆ ದೂಳಿಗೇ ಸವೆಯುತ್ತದೆ. ನನ್ನನ್ನು ಕೇಳಿದರೆ ತುಮಕೂರು, ದಾವಣಗೆರೆ, ಮೈಸೂರಿನ ಸಂಬಳದ ಮನೆಯ ಕಾರು, ಅದೂ ಒಂದೇ ಗ್ಯಾರೇಜಿಗೆ ಹೋಗುತ್ತಿದ್ದ ಕಾರು, ಮಹಾನಗರದ ಮಿರುಗುವ ಕಾರಿಗಿಂತ ಮೇಲು.

ಹೊರರಾಜ್ಯದ ಕಾರಿನ ಲೆಕ್ಕವೇ ಬೇರೆ. ದೆಹಲಿ ಸುತ್ತಮುತ್ತ 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಓಡಾಟಕ್ಕೆ ಹಸಿರು ನ್ಯಾಯಮಂಡಳಿ ತಡೆ ಹಾಕಿ, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದ ಮೇಲೆ ಅಲ್ಲಿನ ಡೀಸೆಲ್ ಕಾರುಗಳು ಅಗ್ಗವಾಗಿ ಬೇರೆ ರಾಜ್ಯಗಳಿಗೆ ಹರಿದವು. ಕಾರು ಚೆನ್ನಾಗಿರಬಹುದು. ಆದರೆ ಇಲ್ಲಿ ಮತ್ತೆ ನೋಂದಣಿ ಮಾಡಿಸಲು ಅಲ್ಲಿನ ಎನ್‌ಒಸಿ ಬೇಕು, ಕಾರಿನ ವಯಸ್ಸಿಗೆ ತಕ್ಕ ಜೀವಾವಧಿ ತೆರಿಗೆ ಕಟ್ಟಬೇಕು. ದೇಶದಲ್ಲೇ ಹೆಚ್ಚು ವಾಹನ ತೆರಿಗೆ ಹಾಕುವ ರಾಜ್ಯಗಳಲ್ಲಿ ನಮ್ಮದೊಂದು. ಇಷ್ಟೆಲ್ಲ ಕೂಡಿಸಿದ ಮೇಲೂ ಅದು ಅಗ್ಗವೇ ಎಂದು ನೋಡಬೇಕು.

ಕಾಗದಪತ್ರ ನೋಡುವುದೆಂದರೆ ಆರ್‌ಸಿ ಅಸಲಿಯೇ ಎಂದು ನೋಡುವುದಷ್ಟೇ ಅಲ್ಲ. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ಎಷ್ಟನೇ ಮಾಲೀಕ, ಸಾಲದ ಹೊರೆ ಇದೆಯೇ, ವಿಮೆ ಎಂದಿನವರೆಗೆ ಎಂಬುದು ಗೊತ್ತಾಗುತ್ತದೆ. ಸಾಲ ತೀರಿದ್ದರೂ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಸಲ್ಲಿಸಿ ಹೈಪಾಥಿಕೇಶನ್ ತೆಗೆಸಿರದಿದ್ದರೆ ಮುಂದೆ ಅಲೆದಾಟ ನಿಮ್ಮದೇ. ಚಾಸಿ ನಂಬರನ್ನು ಆರ್‌ಸಿಯೊಂದಿಗೆ ಅಕ್ಷರ ಅಕ್ಷರ ಹೋಲಿಸಬೇಕು.

ವಿಮೆಯ ಪಾಲಿಸಿಯಲ್ಲಿ ಅಡಗಿರುವ ಸುಳಿವನ್ನು ಹೆಚ್ಚಿನವರು ನೋಡುವುದೇ ಇಲ್ಲ. ಅದು ನೋ ಕ್ಲೇಮ್ ಬೋನಸ್. ಒಂದು ವರ್ಷ ಕ್ಲೇಮ್ ಇಲ್ಲದಿದ್ದರೆ ಶೇ 20, ಆಮೇಲೆ 25, 35, 45, ಐದು ವರ್ಷ ದಾಟಿದರೆ 50. ‘ಒಂದು ಗೆರೆಯೂ ಬಿದ್ದಿಲ್ಲ’ ಎನ್ನುವವರ ಪಾಲಿಸಿಯಲ್ಲಿ ಬೋನಸ್ ಸೊನ್ನೆ ಎಂದಿದ್ದರೆ ಹೋದ ವರ್ಷ ಏನೋ ಆಗಿದೆ, ಅಥವಾ ವಿಮೆಯೇ ತಪ್ಪಿಹೋಗಿತ್ತು. ಈ ಸುಳಿವಿಗೂ ಮಿತಿ ಇದೆ. ಬೋನಸ್ ಸೇರುವುದು ಮಾಲೀಕನಿಗೆ, ಕಾರಿಗಲ್ಲ. ಹಳೆ ಕಾರಿನದನ್ನು ಈ ಕಾರಿಗೆ ತಂದುಕೊಂಡಿರಬಹುದು. ಹಾಗಾಗಿ ಮೂರು ನಾಲ್ಕು ವರ್ಷದ ಪಾಲಿಸಿಗಳನ್ನು ಸಾಲಾಗಿ ಇಟ್ಟು ನೋಡುವುದು ಒಳ್ಳೆಯದು. ಸರ್ವಿಸ್ ದಾಖಲೆಯನ್ನು ಮಾಲೀಕರ ಫೋನಿನಿಂದಲೇ ಕಂಪನಿಯ ವರ್ಕ್‌ಶಾಪಿಗೆ ಕೇಳಿಸಿ ತರಿಸಿಕೊಳ್ಳಬಹುದು. ಅದರಲ್ಲಿ ಪ್ರತಿ ಭೇಟಿಯ ಕಿಲೋಮೀಟರ್ ಇರುತ್ತದೆ, ಬದಲಿಸಿದ ಭಾಗ ಇರುತ್ತದೆ. ಮೊದಲ ಮೂರು ವರ್ಷ ಮಾತ್ರ ಕಂಪನಿಗೆ ಹೋಗಿ ಆಮೇಲೆ ಹೊರಗಿನ ಗ್ಯಾರೇಜಿಗೆ ಹೋಗಿದ್ದರೆ ಅದು ತಪ್ಪಲ್ಲ, ಅಲ್ಲಿನ ಬಿಲ್ಲುಗಳಾದರೂ ಇರಬೇಕು. ಬಿಲ್ಲುಗಳನ್ನು ಫೈಲಿನಲ್ಲಿ ಜೋಡಿಸಿಟ್ಟ ಮಾಲೀಕ ಆಯಿಲ್ ಬದಲಿಸುವುದನ್ನೂ ಮರೆತಿರುವುದಿಲ್ಲ.

ಇನ್ನು ಕಾರಿನ ಮೈ. ನಾನು ಕಂಡ ಒಬ್ಬ ಟಿಂಕರಿಂಗ್ ಮೇಸ್ತ್ರಿ ಬಣ್ಣದ ಹೊಳಪಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಮೊದಲು ಬಾನೆಟ್ ಎತ್ತಿ ಫೆಂಡರಿನ ಬೋಲ್ಟುಗಳ ಮೇಲೆ ಬೆರಳಾಡಿಸುತ್ತಿದ್ದರು. ಕಾರ್ಖಾನೆಯಲ್ಲಿ ಬೋಲ್ಟು ಹಾಕಿದ ಮೇಲೆ ಬಣ್ಣ ಬಿದ್ದಿರುವುದರಿಂದ, ಸ್ಪ್ಯಾನರ್ ತಾಗಿದ್ದರೆ ಮೂಲೆಗಳಲ್ಲಿ ಬಣ್ಣ ಎದ್ದಿರುತ್ತದೆ. ಆಮೇಲೆ ಬಾಗಿಲು ತೆರೆದು ಅಂಚಿನ ರಬ್ಬರ್ ಬೀಡಿಂಗನ್ನು ಮೆಲ್ಲಗೆ ಎಳೆದು ಕಳಚುತ್ತಿದ್ದರು. ಅದರಡಿ ತಗಡಿನ ಅಂಚಿನಲ್ಲಿ ಯಂತ್ರ ಹಾಕಿದ ವೆಲ್ಡಿಂಗ್ ಗುಳಿಗಳು ಸಮ ಅಂತರದಲ್ಲಿ ಸಾಲಾಗಿರಬೇಕು. ಗುಳಿಯೇ ಇಲ್ಲದೆ ನುಣ್ಣಗಿದ್ದರೆ ಅಲ್ಲಿ ಪುಟ್ಟಿ ತುಂಬಿದೆ, ಎಂದರೆ ಆ ಪಿಲ್ಲರ್‌ಗೆ ದೊಡ್ಡ ಪೆಟ್ಟು ಬಿದ್ದಿದೆ. ಕೊನೆಗೆ ಗಾಜುಗಳು. ಪ್ರತಿ ಗಾಜಿನ ಮೂಲೆಯಲ್ಲೂ ತಯಾರಿಕೆಯ ಗುರುತು ಅಚ್ಚಾಗಿರುತ್ತದೆ. ಐದು ಗಾಜು ಒಂದು ವರ್ಷದ್ದು, ಎಡ ಹಿಂಬಾಗಿಲಿನದು ಮಾತ್ರ ಬೇರೆ ವರ್ಷದ್ದು ಎಂದರೆ ಆ ಕಡೆಯಿಂದ ಯಾರೋ ಗುದ್ದಿದ್ದಾರೆ. ಐದು ನಿಮಿಷದ ಕೆಲಸ. ಬಂಪರ್ ಬದಲಾಗಿರುವುದು, ಒಂದು ಬಾಗಿಲಿಗೆ ಬಣ್ಣ ಹೊಡೆದಿರುವುದು ನಮ್ಮ ಊರುಗಳಲ್ಲಿ ಸಹಜ, ಅದಕ್ಕೆ ಹೆದರಬೇಕಿಲ್ಲ. ಪಿಲ್ಲರ್, ಏಪ್ರನ್, ಚಾಸಿ ತುದಿ, ಈ ಮೂರಕ್ಕೆ ಪೆಟ್ಟು ಬಿದ್ದ ಕಾರನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ನೀರು ಕುಡಿದ ಕಾರು ಇದಕ್ಕಿಂತ ಮೋಸದ್ದು. 2015ರ ಡಿಸೆಂಬರಿನಲ್ಲಿ ಚೆನ್ನೈ, 2018ರಲ್ಲಿ ಕೊಡಗು ಮತ್ತು ಕೇರಳ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರು ಹಾಗೂ ಸರ್ಜಾಪುರ ರಸ್ತೆಯ ಬಡಾವಣೆಗಳು ಮುಳುಗಿದಾಗ ಕಾರುಗಳೂ ಮುಳುಗಿದವು. ವಿಮಾ ಕಂಪನಿ ಪೂರ್ಣ ನಷ್ಟ ಎಂದು ಕೈಬಿಟ್ಟ ಕಾರುಗಳು ಹರಾಜಿನಲ್ಲಿ ಕೈ ಬದಲಾಗಿ, ತೊಳೆದು ಒಣಗಿ, ಬೇರೆ ಊರಿನಲ್ಲಿ ಮಾರಾಟಕ್ಕೆ ನಿಲ್ಲಬಲ್ಲವು. ಹೊರಗಿನಿಂದ ಏನೂ ಕಾಣುವುದಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ. ಸುರುಳಿಯ ಒಳಗಿದ್ದ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸೀಟಿನ ಕೆಳಗಿನ ಹಳಿಗಳಲ್ಲಿ ತುಕ್ಕು, ಡಿಕ್ಕಿಯ ಸ್ಟೆಪ್ನಿ ಗುಂಡಿಯಲ್ಲಿ ಮಣ್ಣಿನ ಪುಡಿ, ಕಾರ್ಪೆಟ್ ಎತ್ತಿದರೆ ಮುಗ್ಗಲು ವಾಸನೆ, ಅದನ್ನು ಮುಚ್ಚಲು ಸುರಿದ ಅತಿಯಾದ ಸೆಂಟು. ಇಂಥ ಕಾರಿನ ಎಂಜಿನ್ ಸರಿಹೋಗಬಹುದು, ವೈರಿಂಗ್ ಮಾತ್ರ ವರ್ಷಗಟ್ಟಲೆ ಕಾಡುತ್ತಿರುತ್ತದೆ.

ಎಂಜಿನ್ನನ್ನು ತಣ್ಣಗಿರುವಾಗಲೇ ನೋಡಬೇಕು. ‘ಬೆಳಿಗ್ಗೆ ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ’ ಎಂದು ಮೊದಲೇ ಹೇಳಿ, ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಯಾಕೆ ಬಿಸಿ ಮಾಡಿಟ್ಟಿದ್ದಾರೆ ಎಂದು ಕೇಳಿ. ಸವೆದ ಎಂಜಿನ್ ತನ್ನ ಸತ್ಯ ಹೇಳುವುದು ದಿನದ ಮೊದಲ ಸ್ಟಾರ್ಟಿನಲ್ಲಿ. ಕೀ ಒಂದು ಹಂತ ತಿರುಗಿಸಿದಾಗ ಚೆಕ್ ಎಂಜಿನ್, ಎಬಿಎಸ್, ಏರ್‌ಬ್ಯಾಗ್ ದೀಪಗಳು ಹೊತ್ತಿ, ಎಂಜಿನ್ ಶುರುವಾದ ಮೇಲೆ ಆರಬೇಕು. ಹೊತ್ತಲೇ ಇಲ್ಲವೆಂದರೆ ದೀಪವನ್ನೇ ತೆಗೆದಿರಬಹುದು. ಯಾರನ್ನಾದರೂ ಹಿಂದೆ ನಿಲ್ಲಿಸಿ ಹೊಗೆ ನೋಡಿಸಿ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ನಿಲ್ಲದೆ ಬರುವ ಬಿಳಿ ಹೊಗೆ, ಅದಕ್ಕೊಂದು ಸಿಹಿ ವಾಸನೆ ಎಂದರೆ ಕೂಲೆಂಟ್ ಒಳಗೆ ಸೋರುತ್ತಿದೆ. ಡೀಸೆಲ್ಲಿನಲ್ಲಿ ದಟ್ಟ ಕಪ್ಪು ಎಂದರೆ ಇಂಜೆಕ್ಟರ್ ಅಥವಾ ಟರ್ಬೊ. ಚಳಿಗಾಲದ ಬೆಳಿಗ್ಗೆ ಎರಡು ನಿಮಿಷ ಕಾಣುವ ಬಿಳಿ ಆವಿ ಬರೀ ನೀರು. ಎಂಜಿನ್ ಓಡುತ್ತಿರುವಾಗಲೇ ಮೆಕ್ಯಾನಿಕ್‌ಗಳು ಆಯಿಲ್ ಮುಚ್ಚಳ ತೆಗೆದು ‘ಬ್ಯಾಕ್ ಕಂಪ್ರೆಷನ್’ ನೋಡುತ್ತಾರೆ. ಮುಚ್ಚಳದ ಬಾಯಿಂದ ಹೊಗೆ ಬುಸುಬುಸು ಎಂದು ಚಿಮ್ಮಿದರೆ ಪಿಸ್ಟನ್ ರಿಂಗು ಸವೆದಿದೆ ಎಂದು ಅವರ ತೀರ್ಮಾನ. ಮುಚ್ಚಳದ ಒಳಗೆ ಮಜ್ಜಿಗೆಯಂಥ ನೊರೆ ಕೂತಿದ್ದರೆ ಆಯಿಲ್‌ನಲ್ಲಿ ನೀರು ಸೇರಿರಬಹುದು, ಹೆಡ್ ಗ್ಯಾಸ್ಕೆಟ್ ಪರೀಕ್ಷಿಸದೆ ಮುಂದೆ ಹೋಗಬಾರದು. ಎಂಜಿನ್ ತೊಳೆದು ಪಾಲಿಶ್ ಹಾಕಿ ಕನ್ನಡಿಯಾಗಿಸಿದ್ದರೆ ಖುಷಿಪಡಬೇಡಿ, ಸೋರಿಕೆಯ ಗುರುತೂ ಅದರ ಜೊತೆ ಹೋಗಿರುತ್ತದೆ.

ಓಡಿಸಿ ನೋಡುವುದೆಂದರೆ ಬಡಾವಣೆಯ ಒಂದು ಸುತ್ತಲ್ಲ. ಕನಿಷ್ಠ ಅರ್ಧ ಗಂಟೆ ಬೇಕು, ಅದರಲ್ಲಿ ಹಂಪ್, ಏರು, ಸ್ವಲ್ಪ ಹೆದ್ದಾರಿ ಇರಬೇಕು, ಹಾಡು ಹಾಕಬಾರದು. ನಿಧಾನ ವೇಗದಲ್ಲಿ ನಾಲ್ಕನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಖಾಲಿ ಮೈದಾನದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಸುತ್ತು ಹೊಡೆದಾಗ ಕಟಕಟ ಸದ್ದು ಬಂದರೆ ಆಕ್ಸಲ್ ಜಾಯಿಂಟ್. ಕೊನೆಯಲ್ಲಿ ಎಸಿ ಪೂರ್ತಿ ಹಾಕಿ ಬಿಸಿಲಲ್ಲಿ ಹತ್ತು ನಿಮಿಷ ನಿಲ್ಲಿಸಿ. ಟೆಂಪರೇಚರ್ ಮುಳ್ಳು ಮೇಲೇರಿದರೆ ಆ ಕಾರು ಬೆಂಗಳೂರಿನ ಸಿಲ್ಕ್ ಬೋರ್ಡ್ ದಟ್ಟಣೆ ದಾಟಲಾರದು.

ಇಷ್ಟನ್ನೂ ಕೊಳ್ಳುವವರೇ ಮಾಡಬೇಕೆಂದಿಲ್ಲ. ಪರಿಚಯದ ಮೆಕ್ಯಾನಿಕ್‌ಗೆ ಒಂದೆರಡು ಸಾವಿರ ಕೊಟ್ಟು ಕರೆದೊಯ್ಯುವುದು ಅತ್ಯಂತ ಲಾಭದ ಖರ್ಚು; ಒಂದೇ ಷರತ್ತು, ಆತ ಮಾರುವವರ ಕಡೆಯವನಾಗಿರಬಾರದು. ‘ಇಷ್ಟು ಅಂಶಗಳ ತಪಾಸಣೆ ಆಗಿದೆ’ ಎಂಬ ಪ್ರಮಾಣಪತ್ರ ಕೊಡುವ ದೊಡ್ಡ ಮಾರಾಟ ಸಂಸ್ಥೆಗಳು ಈಗ ಹಲವಿವೆ. ಅಲ್ಲಿ ಬೆಲೆ ಹೆಚ್ಚು, ಬದಲಿಗೆ ಕೆಲವು ತಿಂಗಳ ವಾರಂಟಿ, ಆರ್‌ಸಿ ವರ್ಗಾವಣೆಯ ಹೊಣೆ ಸಿಗುತ್ತದೆ. ಅದಕ್ಕೊಂದು ಬೆಲೆ ಇದ್ದೇ ಇದೆ. ಆದರೆ ಕಾರು ಮಾರಿದರೆ ಲಾಭ ಪಡೆಯುವವರೇ ಅದಕ್ಕೆ ಅಂಕ ಹಾಕುತ್ತಿದ್ದಾರೆ ಎಂಬುದನ್ನು ನೆನಪಿಟ್ಟುಕೊಂಡು, ವಾರಂಟಿಯಲ್ಲಿ ಯಾವ ಭಾಗ ಬರುತ್ತದೆ, ಯಾವುದು ಬರುವುದಿಲ್ಲ ಎಂದು ಓದಿಕೊಳ್ಳಬೇಕು. ಕ್ಲಚ್, ಸಸ್ಪೆನ್ಶನ್‌ನಂಥ ಸವೆಯುವ ಭಾಗಗಳು ಸಾಮಾನ್ಯವಾಗಿ ಹೊರಗೇ ಉಳಿಯುತ್ತವೆ.

ದುಡ್ಡಿನ ಲೆಕ್ಕದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಮೂರು ಲಕ್ಷ ಕೈಯಲ್ಲಿದ್ದರೆ ಮೂರು ಲಕ್ಷದ ಕಾರು ನೋಡಬೇಡಿ, ಎರಡೂವರೆಯದನ್ನು ನೋಡಿ. ಉಳಿದದ್ದು ಕೊಂಡ ಮೊದಲ ತಿಂಗಳಲ್ಲೇ ಆಯಿಲ್, ಫಿಲ್ಟರ್, ಕೂಲೆಂಟ್, ಬ್ಯಾಟರಿ, ಟಯರ್, ಬುಷ್, ಬೇಕಿದ್ದರೆ ಟೈಮಿಂಗ್ ಬೆಲ್ಟ್‌ಗೆ ಹೋಗುತ್ತದೆ. ಈ ಖರ್ಚನ್ನು ಮುಂದಿನ ವರ್ಷಕ್ಕೆ ತಳ್ಳಿದವರ ಕಾರೇ ದಾರಿಯಲ್ಲಿ ನಿಲ್ಲುವುದು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20 ಎಥೆನಾಲ್ ಇರುವುದರಿಂದ, 2023ಕ್ಕಿಂತ ಹಿಂದಿನ ಕೆಲವು ಕಾರುಗಳಲ್ಲಿ ರಬ್ಬರ್ ಭಾಗ, ಗ್ಯಾಸ್ಕೆಟ್‌ಗಳನ್ನು ಬದಲಿಸಬೇಕಾಗಬಹುದೆಂದು ಸರ್ಕಾರವೇ ಹೇಳಿದೆ, ಅದೂ ಲೆಕ್ಕದಲ್ಲಿರಲಿ. 13–14 ವರ್ಷದ ಕಾರಾದರೆ 15ಕ್ಕೆ ಎಫ್‌ಸಿ ಮಾಡಿಸಿ ಐದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಅದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿದೆ.

ಕೊಂಡ ಮೇಲೆ ಆರ್‌ಸಿ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಡ್ರಾಯರಿನಲ್ಲಿಡುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ಆರ್‌ಸಿಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ವರ್ಗಾವಣೆ ಬೇಗ ಮುಗಿಯುವುದು ಮಾರುವವರಿಗೂ ಕೊಳ್ಳುವವರಿಗೂ ಸಮಾನವಾಗಿ ಬೇಕಾದದ್ದು. 2023ರ ಏಪ್ರಿಲ್‌ನಿಂದ ಜಾರಿಯಾದ ನಿಯಮದಂತೆ ಹಳೆ ವಾಹನದ ವ್ಯಾಪಾರಿ ಆರ್‌ಟಿಒದಿಂದ ಅಧಿಕಾರಪತ್ರ ಪಡೆದು, ಕಾರು ತನ್ನ ಕೈಗೆ ಬಂದದ್ದನ್ನು ತಿಳಿಸಬೇಕು. ಮಾರಿಹೋಗುವವರೆಗೆ ಕಾರಿನ ಹೊಣೆ ಅವನದು. ಅಧಿಕಾರಪತ್ರ ಇರುವ ವ್ಯಾಪಾರಿಯನ್ನೇ ಹುಡುಕುವುದು ಒಳ್ಳೆಯದು.

ಮೇಲೆ ಹೇಳಿದ ಬೆರಳಾಡಿಸುವ, ಮೂಸುವ, ಕಿವಿಗೊಡುವ ಕೆಲಸಗಳೆಲ್ಲ ಬೇಕಾಗಿರುವುದು ಒಂದೇ ಕಾರಣಕ್ಕೆ: ಕಾರಿನ ಬಾಳಿನ ದಾಖಲೆ ನಮ್ಮಲ್ಲಿ ಸಾರ್ವಜನಿಕವಾಗಿ ಎಲ್ಲೂ ಇಲ್ಲ. ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಪ್ರತಿ ಕಾರೂ ವರ್ಷವರ್ಷ ಎಂಒಟಿ ಪರೀಕ್ಷೆಗೆ ಹೋಗುತ್ತದೆ. ನಂಬರ್ ಪ್ಲೇಟ್ ಹಾಕಿದರೆ ಯಾರು ಬೇಕಾದರೂ ಆ ಕಾರು ಯಾವ ವರ್ಷ ಪಾಸಾಯಿತು, ಯಾವುದಕ್ಕೆ ಫೇಲಾಯಿತು, ಆಗ ಮೀಟರ್ ಎಷ್ಟಿತ್ತು ಎಂದು ಉಚಿತವಾಗಿ ನೋಡಬಹುದು. ಬೆಲ್ಜಿಯಂ 2006ರ ಕೊನೆಯಲ್ಲಿ ಕಾರ್‌ಪಾಸ್ ಎಂಬ ವ್ಯವಸ್ಥೆ ತಂದಿತು. ಗ್ಯಾರೇಜಿನವರು ಕೆಲಸ ಮಾಡಿದಾಗಲೆಲ್ಲ ಕಿಲೋಮೀಟರನ್ನು ವರದಿ ಮಾಡಬೇಕು, ಹಳೆ ಕಾರು ಮಾರುವವರು ಆ ಇತಿಹಾಸದ ಪತ್ರವನ್ನು ಕೊಳ್ಳುವವರ ಕೈಗೆ ಕೊಡಲೇಬೇಕು. ಮೀಟರ್ ತಿರುಗಿಸುವ ದಂಧೆ ಅಲ್ಲಿ ಬಹುಮಟ್ಟಿಗೆ ನಿಂತಿತು.

ನಮ್ಮಲ್ಲಿ ಇದಕ್ಕೆ ಹೊಸ ಇಲಾಖೆ ಬೇಕಿಲ್ಲ. ಬಿಎಸ್–4 ಮತ್ತು ಆಮೇಲಿನ ಕಾರುಗಳು ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯವು ಆರು ತಿಂಗಳಿಗೊಮ್ಮೆ ಎಮಿಷನ್ ಟೆಸ್ಟ್‌ಗೆ ಬರಲೇಬೇಕು, ಆ ಪ್ರಮಾಣಪತ್ರ ಆಗಲೇ ವಾಹನ್ ದತ್ತಾಂಶಕ್ಕೆ ಸೇರುತ್ತಿದೆ. ಎಮಿಷನ್ ಕೇಂದ್ರದ ಹುಡುಗ ಹೊಗೆಯ ಅಳತೆಯ ಜೊತೆಗೆ ಮೀಟರಿನ ಸಂಖ್ಯೆಯನ್ನೂ ಬರೆದುಕೊಂಡು, ವಿಮೆ ನವೀಕರಿಸುವವರೂ ಹಾಗೆಯೇ ಮಾಡಿ, ಎರಡನ್ನೂ ಆರ್‌ಸಿ ವಿವರದ ಪಕ್ಕದಲ್ಲಿ ತೋರಿಸಿದರೆ ಹತ್ತು ವರ್ಷದ ಕಾರಿಗೆ ಹತ್ತಿಪ್ಪತ್ತು ಸಾಲಿನ ಚರಿತ್ರೆ ತಾನಾಗಿ ಸಿದ್ಧವಾಗುತ್ತದೆ. ಸಾರಿಗೆ ಇಲಾಖೆ ಈ ಒಂದು ಕಾಲಮ್ಮನ್ನು ಸೇರಿಸಲಿ ಎಂದು ಹಳೆ ಕಾರು ಕೊಳ್ಳುವವರೂ, ಕಾರನ್ನು ಚೆನ್ನಾಗಿ ನೋಡಿಕೊಂಡು ಅದಕ್ಕೆ ತಕ್ಕ ಬೆಲೆ ಸಿಗದೆ ಬೇಸತ್ತ ಮಾಲೀಕರೂ ಒಟ್ಟಾಗಿ ಕೇಳಬೇಕು.